ಲೂಯಿ ಪಾಶ್ಚರ್ ಅವರ ಬಾಗಿಲಿಗೆ ಬಂದ ಮಕ್ಕಳು

ನೂರು ವರ್ಷ ದಾಟಿದ ಯಾವುದೇ ಧರ್ಮಕೇಂದ್ರದ ಮರಣ ದಾಖಲೆಯ ಹಳೆಯ ಪುಸ್ತಕವನ್ನು ತೆರೆದು ನೋಡಿದವರಿಗೆ ಒಂದು ಸಂಗತಿ ಕಣ್ಣಿಗೆ ಬೀಳದಿರದು. ಮೊದಲ ಪುಟಗಳಲ್ಲಿ ಎಳೆಯ ಮಕ್ಕಳ ಹೆಸರುಗಳು ಸಾಲುಸಾಲಾಗಿ ಕಾಣಸಿಗುತ್ತವೆ. ಜ್ಞಾನಸ್ನಾನದ ಪುಸ್ತಕದಲ್ಲಿ ಬರೆದ ಹೆಸರು ಕೆಲವೇ ತಿಂಗಳುಗಳಲ್ಲಿ ಮರಣದ ಪುಸ್ತಕಕ್ಕೂ ಏರಿರುತ್ತದೆ. ಅಂತಹ ಪ್ರತಿಯೊಂದು ಹೆಸರಿನ ಹಿಂದೆ, ಜ್ವರದಿಂದ ಬೇಯುತ್ತಿರುವ ಮಗುವನ್ನು ತೋಳಿನಲ್ಲೆತ್ತಿಕೊಂಡು ಎಲ್ಲಿಗೆ ಹೋಗುವುದೆಂದು ತೋಚದೆ ಹೊಸ್ತಿಲಲ್ಲಿ ನಿಂತ ತಂದೆತಾಯಿಗಳಿದ್ದರು. ಪಂಡಿತರ ಬಳಿಗೋ, ಪಟ್ಟಣದ ಆಸ್ಪತ್ರೆಗೋ, ಮಂತ್ರ ಹಾಕುವವರ ಬಳಿಗೋ, ಹರಕೆಯ ಕ್ಷೇತ್ರಕ್ಕೋ ಎಂಬ ಆ ತಳಮಳ ಇಂದಿಗೂ ಮನೆಗಳಿಂದ ಪೂರ್ಣವಾಗಿ ತೊಲಗಿಲ್ಲ.

ಈ ಸ್ಮರಣ ಸಂಚಿಕೆಗಾಗಿ ಒಬ್ಬ ಮಹನೀಯರ ಜೀವನವನ್ನು ಬರೆಯಬೇಕೆಂದು ಕೇಳಿದಾಗ ನಾವು ಆರಿಸಿಕೊಂಡದ್ದು ಸಂತರೊಬ್ಬರನ್ನಲ್ಲ, ಒಬ್ಬ ರಸಾಯನ ಶಾಸ್ತ್ರಜ್ಞರನ್ನು. ಲೂಯಿ ಪಾಶ್ಚರ್ ಅವರ ಹೆಸರನ್ನು ಶಾಲೆಯ ಮಕ್ಕಳೂ ಬಲ್ಲರು. ಆದರೆ ಅವರು ಐದು ಮಕ್ಕಳ ತಂದೆಯಾಗಿದ್ದು, ಅವರಲ್ಲಿ ಮೂವರನ್ನು ಎಳೆಯ ವಯಸ್ಸಿನಲ್ಲೇ ಮಣ್ಣುಮಾಡಿದವರೆಂಬುದು ಎಲ್ಲರಿಗೂ ತಿಳಿದಿಲ್ಲ. ಅವರು ಆಡಿದ ಮಾತುಗಳೆಂದು ಪ್ರಚಾರದಲ್ಲಿರುವ ಅನೇಕ ವಾಕ್ಯಗಳನ್ನು ನಾವು ಇಲ್ಲಿ ಬರೆಯುವುದಿಲ್ಲ. ಅವರ ಕಾರ್ಯಗಳೇ ನಮಗೆ ಸಾಕು.

ಪಾಶ್ಚರ್ ಅವರು 1822ನೆಯ ಇಸವಿ ಡಿಸೆಂಬರ್ 27ರಂದು, ಅಂದರೆ ಕ್ರಿಸ್ತಜಯಂತಿಯ ಎರಡು ದಿನಗಳ ತರುವಾಯ, ಫ್ರಾನ್ಸ್ ದೇಶದ ಪೂರ್ವ ಭಾಗದಲ್ಲಿರುವ ದೋಲ್ ಎಂಬ ಪಟ್ಟಣದಲ್ಲಿ ಹುಟ್ಟಿದರು. ತಂದೆ ನೆಪೋಲಿಯನ್ನನ ಸೈನ್ಯದಲ್ಲಿ ಸೇವೆ ಸಲ್ಲಿಸಿ ಬಂದವರು. ತೊಗಲು ಹದಮಾಡುವುದು ಅವರ ಕಸುಬು. ಕೆಲವು ವರ್ಷಗಳಲ್ಲಿ ಕುಟುಂಬವು ಆರ್ಬ್ವಾ ಎಂಬ ಊರಿಗೆ ಬಂದು ನೆಲೆಸಿತು. ಹೊಳೆಯ ದಂಡೆಯ ಮೇಲೆ ತೊಗಲಿನ ಗುಂಡಿಗಳು, ಅವುಗಳ ಮಗ್ಗುಲಲ್ಲಿ ಮನೆ, ಮನೆಗೆ ಸಮೀಪದಲ್ಲೇ ಒಂದು ಕಮ್ಮಾರಸಾಲೆ.

ಆ ಕಮ್ಮಾರಸಾಲೆಯನ್ನು ನಾವು ಮರೆಯಬಾರದು. 1831ರ ಅಕ್ಟೋಬರ್ ತಿಂಗಳಲ್ಲಿ ಹುಚ್ಚು ಹಿಡಿದ ತೋಳವೊಂದು ಆ ಸೀಮೆಯ ಹಳ್ಳಿಗಳಲ್ಲಿ ನುಗ್ಗಿ ಸಿಕ್ಕಸಿಕ್ಕವರನ್ನು ಕಚ್ಚಿತು. ಕಚ್ಚಿಸಿಕೊಂಡವರನ್ನು ಕರೆತಂದದ್ದು ವೈದ್ಯರ ಮನೆಗಲ್ಲ, ಕಮ್ಮಾರನ ಕುಲುಮೆಗೆ. ಕೆಂಪಗೆ ಕಾದ ಕಬ್ಬಿಣದಿಂದ ಗಾಯವನ್ನು ಸುಡುವುದೇ ಅಂದಿನ ಚಿಕಿತ್ಸೆ. ಒಂಬತ್ತು ವರ್ಷವೂ ತುಂಬದ ಬಾಲಕ ಲೂಯಿ ಆ ಕೂಗನ್ನು ಕೇಳಿದನು. ಸುಟ್ಟೂ ಫಲವಾಗಲಿಲ್ಲ, ಆ ಸುತ್ತಮುತ್ತ ಎಂಟು ಮಂದಿ ಹುಚ್ಚುರೋಗದಿಂದ ಸತ್ತರು. ಈ ನೆನಪು ಅವರನ್ನು ಜೀವಮಾನವೆಲ್ಲಾ ಬಿಡಲಿಲ್ಲವೆಂದು ಅವರ ಚರಿತ್ರೆಯನ್ನು ಬರೆದ ಅಳಿಯ ತಿಳಿಸಿದ್ದಾರೆ.

ವಿದ್ಯಾಭ್ಯಾಸದ ವರ್ಷಗಳನ್ನು ನಾವು ಬೇಗನೆ ದಾಟಬಹುದು. 1843ರಲ್ಲಿ ಪ್ಯಾರಿಸ್ ನಗರದ ಎಕೋಲ್ ನಾರ್ಮಾಲ್ ಎಂಬ ಪ್ರಸಿದ್ಧ ವಿದ್ಯಾಲಯವನ್ನು ಸೇರಿದರು. 1848ರಲ್ಲಿ ದ್ರಾಕ್ಷಾರಸದ ಗಷ್ಟಿನಿಂದ ದೊರೆಯುವ ಆಮ್ಲದ ಹರಳುಗಳಲ್ಲಿ ಎಡಗೈ ಬಲಗೈಗಳಂತೆ ಪರಸ್ಪರ ಪ್ರತಿಬಿಂಬವಾಗಿರುವ ಎರಡು ಬಗೆಗಳಿರುವುದನ್ನು ಕಂಡುಹಿಡಿದು ವಿದ್ವಾಂಸರ ಗಮನ ಸೆಳೆದರು. ಮರುವರ್ಷ ಸ್ಟ್ರಾಸ್‌ಬರ್ಗಿನಲ್ಲಿ ಪ್ರಾಧ್ಯಾಪಕರಾಗಿ, ಅಲ್ಲಿಯೇ ಮರೀ ಲೊರಾನ್ ಎಂಬ ಕನ್ಯೆಯನ್ನು ವಿವಾಹವಾದರು. ಈ ಮಹಾತಾಯಿಯ ಕುರಿತು ಪ್ರತ್ಯೇಕವಾದ ಒಂದು ಲೇಖನವನ್ನೇ ಬರೆಯಬೇಕು. ರಾತ್ರಿ ಗಂಡನು ಹೇಳಿದುದನ್ನು ಬರೆದುಕೊಳ್ಳುವುದು, ಮಕ್ಕಳನ್ನು ಸಾಕುವುದು, ಸತ್ತ ಮಕ್ಕಳಿಗಾಗಿ ಅಳುವುದು, ಮರುದಿನ ಮತ್ತೆ ಬರೆದುಕೊಳ್ಳುವುದು, ಇದು ಆಕೆಯ ಬಾಳು.

ಹಿರಿಯ ಮಗಳು ಜಾನ್ 1859ರ ಸೆಪ್ಟೆಂಬರ್ ತಿಂಗಳಲ್ಲಿ ಅಜ್ಜನ ಊರಾದ ಆರ್ಬ್ವಾದಲ್ಲಿ ವಿಷಮಶೀತಜ್ವರದಿಂದ, ಅಂದರೆ ಟೈಫಾಯಿಡಿನಿಂದ, ತೀರಿಕೊಂಡಳು. ಆಕೆಗೆ ಒಂಬತ್ತು ವರ್ಷ. 1865ರ ಜೂನ್ ತಿಂಗಳಲ್ಲಿ ಪಾಶ್ಚರರ ತಂದೆ ಗತಿಸಿದರು. ಅದೇ ಸೆಪ್ಟೆಂಬರಿನಲ್ಲಿ ಎರಡು ವರ್ಷದ ಕಮೀಲ್ ಎಂಬ ಕೂಸು ಹೋಯಿತು. ಅದರ ಮರುವರ್ಷ, ದಕ್ಷಿಣ ಫ್ರಾನ್ಸಿನಲ್ಲಿ ಕೆಲಸದಲ್ಲಿದ್ದ ಗಂಡನನ್ನು ಸೇರಲು ತಾಯಿ ಹೆಣ್ಣುಮಕ್ಕಳೊಡನೆ ಹೊರಟಾಗ, ದಾರಿಯಲ್ಲಿ ಶಾಂಬೆರಿ ಎಂಬ ಊರಿನಲ್ಲಿ ಹನ್ನೆರಡು ವರ್ಷದ ಸೆಸೀಲ್ ಜ್ವರದಿಂದ ಮಲಗಿದಳು. ಅದೂ ಟೈಫಾಯಿಡೇ. ತಂದೆ ಓಡಿ ಬಂದರು. ಮಗಳು ಸ್ವಲ್ಪ ಚೇತರಿಸಿಕೊಂಡಂತೆ ಕಂಡಿತು. ಕೆಲಸ ಕಾಯುತ್ತಿದ್ದುದರಿಂದ ಹಿಂದಿರುಗಿದರು. 1866ರ ಮೇ ತಿಂಗಳಲ್ಲಿ ಸೆಸೀಲ್ ಕಣ್ಮುಚ್ಚಿದಳು.

ಈ ಮೂವರು ಮಕ್ಕಳನ್ನು ಯಾವ ದೊಡ್ಡ ಆಸ್ಪತ್ರೆಗೆ ಕೊಂಡೊಯ್ದಿದ್ದರೆ ಉಳಿಯುತ್ತಿದ್ದರು? ಎಲ್ಲಿಗೆ ಕೊಂಡೊಯ್ದರೂ ಉಳಿಸುವ ಔಷಧ ಅಂದು ಇರಲಿಲ್ಲ. ಜ್ವರಕ್ಕೆ ಕಾರಣವಾದ ಕ್ರಿಮಿಯನ್ನೇ ಯಾರೂ ಕಂಡಿರಲಿಲ್ಲ. ಟೈಫಾಯಿಡ್ ರೋಗಕ್ಕೆ ನಿಜವಾಗಿ ನಾಟುವ ಔಷಧವಾದ ಕ್ಲೋರಾಮ್ಫೆನಿಕಾಲ್ ಬಳಕೆಗೆ ಬಂದದ್ದು 1948ರಲ್ಲಿ. ಪ್ಯಾರಿಸಿನ ಹೆಸರಾಂತ ಪ್ರಾಧ್ಯಾಪಕರಾಗಿದ್ದ ತಂದೆಗೂ, ನಮ್ಮ ಹಳ್ಳಿಯ ಕೂಲಿಗಾರನಿಗೂ ಆ ವಿಷಯದಲ್ಲಿ ಯಾವ ವ್ಯತ್ಯಾಸವೂ ಇರಲಿಲ್ಲವೆಂಬುದನ್ನು ನೆನೆದಾಗ ಮನಸ್ಸು ಭಾರವಾಗುತ್ತದೆ.

ಆಗ ಪಾಶ್ಚರ್ ಅವರನ್ನು ದಕ್ಷಿಣ ಫ್ರಾನ್ಸಿನಲ್ಲಿ ಕಟ್ಟಿಹಾಕಿದ್ದ ಕೆಲಸವೆಂದರೆ ರೇಷ್ಮೆಹುಳುಗಳ ರೋಗ. ಪೆಬ್ರಿನ್ ಎಂಬ ಅಂಟುರೋಗವು ಹುಳುಗಳನ್ನು ನಾಶಮಾಡಿ ಸಾವಿರಾರು ಸಂಸಾರಗಳನ್ನು ಬೀದಿಪಾಲು ಮಾಡಿತ್ತು. ಮೊಟ್ಟೆಯಿಟ್ಟ ತಾಯಿ ಚಿಟ್ಟೆಯನ್ನು ಅರೆದು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿ, ರೋಗದ ಕಣ ಕಂಡರೆ ಅದರ ಮೊಟ್ಟೆಗಳನ್ನೆಲ್ಲಾ ಸುಟ್ಟುಹಾಕಬೇಕೆಂಬ ಸರಳವಾದ ಉಪಾಯವನ್ನು ಅವರು ತೋರಿಸಿಕೊಟ್ಟರು. ನಮ್ಮ ನಾಡಿನ ಬಿತ್ತನೆ ಕೋಠಿಗಳಲ್ಲಿ ಇಂದಿಗೂ ತಾಯಿ ಚಿಟ್ಟೆಯ ಪರೀಕ್ಷೆ ನಡೆಯುವುದು ಇದೇ ತತ್ತ್ವದ ಮೇಲೆ. ರೇಷ್ಮೆ ಸಾಕಿ ಮಕ್ಕಳನ್ನು ಓದಿಸಿದ ಕ್ರೈಸ್ತ ಕುಟುಂಬಗಳು ನಮ್ಮಲ್ಲಿ ಬಹಳವಿವೆ. ಅವರಿಗೆಲ್ಲ ಪಾಶ್ಚರರ ಋಣವುಂಟು.

1868ರ ಅಕ್ಟೋಬರಿನಲ್ಲಿ, ಇನ್ನೂ 46 ತುಂಬದಿದ್ದಾಗ, ಅವರಿಗೆ ಪಾರ್ಶ್ವವಾಯು ಬಡಿಯಿತು. ಎಡಗೈ ಎಡಗಾಲುಗಳು ಮೊದಲಿನ ಶಕ್ತಿಯನ್ನು ಮತ್ತೆಂದೂ ಪಡೆಯಲಿಲ್ಲ. ಅವರ ಅತ್ಯಂತ ದೊಡ್ಡ ಕಾರ್ಯಗಳೆಲ್ಲ ಆ ಬಳಿಕದವು. ಸೂಕ್ಷ್ಮಜೀವಿಗಳೇ ಅಂಟುರೋಗಗಳಿಗೆ ಕಾರಣವೆಂಬುದನ್ನು ಸಾಧಿಸುವುದರಲ್ಲಿ ಜರ್ಮನಿಯ ಕಾಕ್ ಅವರೊಡನೆ ಇವರದೂ ಮುಖ್ಯ ಪಾತ್ರ. ದುರ್ಬಲಗೊಳಿಸಿದ ರೋಗಾಣುವನ್ನೇ ದೇಹಕ್ಕೆ ಹೊಗಿಸಿ ರೋಗವನ್ನು ತಡೆಯಬಹುದೆಂದು ಕೋಳಿಗಳ ಕಾಲರಾ ರೋಗದಲ್ಲಿ ತೋರಿಸಿ, 1881ರಲ್ಲಿ ಕುರಿ ದನಗಳ ನೆರಡಿ, ಅಂದರೆ ಆಂಥ್ರಾಕ್ಸ್ ರೋಗಕ್ಕೆ ಬಹಿರಂಗವಾಗಿ ಲಸಿಕೆ ಹಾಕಿ ಗೆದ್ದರು.

ಇಷ್ಟಾದ ಮೇಲೆ, ಅರವತ್ತನ್ನು ಸಮೀಪಿಸುತ್ತಿದ್ದ, ಕೈಕಾಲು ಸೋತ ಈ ಮನುಷ್ಯರು ಹುಚ್ಚುನಾಯಿ ರೋಗವನ್ನು ಕೈಗೆತ್ತಿಕೊಂಡರು. ಈ ರೋಗದಿಂದ ಸಾಯುತ್ತಿದ್ದವರ ಸಂಖ್ಯೆ ಇತರ ರೋಗಗಳಿಗೆ ಹೋಲಿಸಿದರೆ ಹೆಚ್ಚೇನಲ್ಲ. ಆದರೆ ಇಷ್ಟು ಭಯಂಕರವಾದ ಸಾವು ಬೇರೊಂದಿಲ್ಲ. ಬಾಯಾರಿದ ರೋಗಿ ನೀರಿನ ಲೋಟವನ್ನು ಕಂಡೊಡನೆ ಗಂಟಲು ಸೆಟೆದು ನಡುಗುವುದನ್ನು ಒಮ್ಮೆ ನೋಡಿದವರು ಮರೆಯಲಾರರು. ನಾಯಿಯ ಜೊಲ್ಲಿನಿಂದ ಗಾಯವನ್ನು ಹೊಕ್ಕ ವಿಷಾಣುವು ನರಗಳ ಮಾರ್ಗವಾಗಿ ಮೆಲ್ಲಮೆಲ್ಲನೆ ಮೆದುಳಿಗೆ ಏರುತ್ತದೆ. ಸಾಮಾನ್ಯವಾಗಿ ಇದಕ್ಕೆ ಒಂದರಿಂದ ಮೂರು ತಿಂಗಳು ಹಿಡಿಯುತ್ತದೆ. ತಲೆ, ಮುಖ, ಕತ್ತುಗಳ ಗಾಯವಾದರೆ ದಾರಿ ಹತ್ತಿರ, ಕಾಲವೂ ಕಡಿಮೆ. ಮಕ್ಕಳು ಕುಳ್ಳಗಿರುವುದರಿಂದ ಅವರಿಗೆ ಇಂತಹ ಗಾಯಗಳೇ ಹೆಚ್ಚು. ಮೆದುಳನ್ನು ಸೇರಿ ಲಕ್ಷಣಗಳು ತೋರಿದ ಮೇಲೆ ಅಂದು ಔಷಧವಿರಲಿಲ್ಲ, ಇಂದೂ ಇಲ್ಲವೆಂದೇ ಹೇಳಬೇಕು.

ಹಾಗಾದರೆ ಕಚ್ಚಿಸಿಕೊಂಡ ಮಗುವನ್ನು ಅಂದಿನ ತಂದೆತಾಯಿಗಳು ಎಲ್ಲಿಗೆ ಕೊಂಡೊಯ್ಯುತ್ತಿದ್ದರು? ಒಂದು, ಕಮ್ಮಾರನ ಕುಲುಮೆಗೆ. ಎರಡು, ಬೇರುನಾರಿನ ಗುಟ್ಟುಮದ್ದು ಕೊಡುವವರ ಬಳಿಗೆ. ಮೂರನೆಯದನ್ನು ಗುರುಗಳಾದ ನಾವು ಸಂಕೋಚವಿಲ್ಲದೆ ಹೇಳಬೇಕಾಗಿದೆ. ಬೆಲ್ಜಿಯಂ ದೇಶದ ಆರ್ಡೆನ್ ಅರಣ್ಯದಲ್ಲಿರುವ ಸಂತ ಹ್ಯೂಬರ್ಟರ ಮಠಕ್ಕೆ ಶತಮಾನಗಳ ಕಾಲ ಜನರು ಯಾತ್ರೆ ಹೋಗುತ್ತಿದ್ದರು. ಲಿಯೇಜಿನ ಧರ್ಮಾಧ್ಯಕ್ಷರಾಗಿ 727ರಲ್ಲಿ ತೀರಿಕೊಂಡ ಈ ಸಂತರು ಬೇಟೆಗಾರರ ಪಾಲಕರೆಂದು ಪ್ರಸಿದ್ಧರು. ಅಲ್ಲಿ ರೋಗಿಯ ಹಣೆಯ ಮೇಲೆ ಸಣ್ಣದಾಗಿ ಕೊಯ್ದು, ಸಂತರ ಪವಿತ್ರ ವಸ್ತ್ರದ ಒಂದು ಎಳೆಯನ್ನು ಅದರಲ್ಲಿಟ್ಟು ಪಟ್ಟಿ ಕಟ್ಟುತ್ತಿದ್ದರು. ಬಳಿಕ ಒಂಬತ್ತು ದಿನಗಳ ಜಪತಪ, ಪಾಪನಿವೇದನೆ, ಪರಮಪ್ರಸಾದ ಸ್ವೀಕಾರ. ನಲವತ್ತು ದಿನ ತಲೆ ಬಾಚಬಾರದೆಂಬ ನೇಮ ಬೇರೆ.

ಅಲ್ಲಿಗೆ ಹೋದವರಲ್ಲಿ ಬಹುಮಂದಿ ಸುಖವಾಗಿ ಮನೆಗೆ ಮರಳುತ್ತಿದ್ದರು. ಅದು ಸುಳ್ಳಲ್ಲ. ಕಾರಣವನ್ನು ಮಾತ್ರ ಸರಿಯಾಗಿ ತಿಳಿಯಬೇಕು. ಕಚ್ಚಿದ ನಾಯಿಗಳೆಲ್ಲ ಹುಚ್ಚುನಾಯಿಗಳಲ್ಲ. ನಿಜವಾದ ಹುಚ್ಚುನಾಯಿ ಕಚ್ಚಿದರೂ ಎಲ್ಲರಿಗೂ ರೋಗ ಹತ್ತುವುದಿಲ್ಲ. ಹೀಗೆ ರೋಗವೇ ಬರಬೇಕಾಗಿರದ ನೂರು ಮಂದಿ ಬದುಕಿದಾಗ, ಯಾರ ಬಳಿಗೆ ಹೋಗಿದ್ದರೋ ಅವರಿಗೆ ಕೀರ್ತಿ ಬಂದಿತು. ಕಮ್ಮಾರನಿಗೂ ಬಂದಿತು, ಬೇರು ಕೊಡುವವನಿಗೂ ಬಂದಿತು. ಸತ್ತವರು ಬಂದು ಸಾಕ್ಷಿ ಹೇಳುವುದಿಲ್ಲವಷ್ಟೆ. ನಮ್ಮ ಹಳ್ಳಿಗಳಲ್ಲಿ ನಾಯಿ ಕಚ್ಚಿದ ಗಾಯಕ್ಕೆ ಸುಣ್ಣ, ಮೆಣಸಿನಪುಡಿ, ಅರಿಸಿನ ಮೆತ್ತಿ, ತಾಯಿತ ಕಟ್ಟಿಸಿಕೊಂಡು ಬಂದವರ ಮಾತಿಗೆ ಬೆಲೆ ಬಂದದ್ದೂ ಹೀಗೆಯೇ. ಸಂತರ ಮಧ್ಯಸ್ಥಿಕೆಯನ್ನು ಬೇಡುವುದು ನಮ್ಮ ವಿಶ್ವಾಸದ ಅಂಗ. ಆದರೆ ಯಾತ್ರೆಯ ನಲವತ್ತು ದಿನಗಳಲ್ಲಿ ವಿಷಾಣುವು ಮೆದುಳನ್ನು ಮುಟ್ಟಿದರೆ, ಆ ಯಾತ್ರೆಯನ್ನು ಸಂತರು ಮೆಚ್ಚುತ್ತಾರೆಂದು ನಾವು ನಂಬಲಾರೆವು. ಪ್ರಾರ್ಥನೆಯನ್ನು ಆಸ್ಪತ್ರೆಯ ದಾರಿಯಲ್ಲೂ ಮಾಡಬಹುದು.

ನಾಲ್ಕನೆಯ ದಾರಿಯೊಂದನ್ನು ತೆರೆಯುವುದಕ್ಕೆ ಪಾಶ್ಚರರಿಗೆ ಸುಮಾರು ಐದು ವರ್ಷಗಳು ಹಿಡಿದವು. 1880ರ ಡಿಸೆಂಬರಿನಲ್ಲಿ, ಒಂದು ತಿಂಗಳ ಹಿಂದೆ ಮುಖಕ್ಕೆ ಕಚ್ಚಿಸಿಕೊಂಡಿದ್ದ ಐದು ವರ್ಷದ ಮಗುವೊಂದು ಪ್ಯಾರಿಸಿನ ಆಸ್ಪತ್ರೆಯಲ್ಲಿ ಸಾಯುತ್ತಿರುವ ಸುದ್ದಿ ತಿಳಿದು ಅಲ್ಲಿಗೆ ಹೋದರು. ಅಂದು ಅವರಿಂದಾದದ್ದು, ಮಗು ಸತ್ತ ಮೇಲೆ ಅದರ ಜೊಲ್ಲನ್ನು ಪರೀಕ್ಷೆಗಾಗಿ ತೆಗೆದುಕೊಂಡು ಬಂದದ್ದಷ್ಟೆ. ಈ ರೋಗದ ವಿಷಾಣುವು ಅಂದಿನ ಯಾವ ಸೂಕ್ಷ್ಮದರ್ಶಕಕ್ಕೂ ಕಾಣುವಂತಹದಲ್ಲ. ಕಾಣದ ಶತ್ರುವನ್ನು ಅವರು ಮೊಲಗಳ ದೇಹದಲ್ಲಿ ಬೆಳೆಸಿದರು. ರೋಗದಿಂದ ಸತ್ತ ಮೊಲದ ಬೆನ್ನುಹುರಿಯನ್ನು ಸೀಸೆಯೊಳಗೆ ಒಣಗಾಳಿಯಲ್ಲಿ ತೂಗುಹಾಕಿದರೆ ದಿನದಿನಕ್ಕೂ ಅದರ ವಿಷ ಕುಗ್ಗುತ್ತಿತ್ತು; ಹದಿನಾಲ್ಕು ಹದಿನೈದು ದಿನಗಳಲ್ಲಿ ನಿರಪಾಯವಾಗುತ್ತಿತ್ತು. ಮೊದಲು ಬಹುದಿನ ಒಣಗಿಸಿದ್ದನ್ನೂ, ಕ್ರಮವಾಗಿ ಕಡಿಮೆ ದಿನ ಒಣಗಿಸಿದ್ದನ್ನೂ ಚುಚ್ಚುತ್ತಾ ಹೋದರೆ ನಾಯಿಗಳಿಗೆ ರೋಗನಿರೋಧ ಶಕ್ತಿ ಬರುತ್ತಿತ್ತು. ಕಚ್ಚಿದ ಗಾಯದಿಂದ ಹೊರಟ ವಿಷಾಣುವು ಮೆದುಳಿಗೆ ತಲುಪುವ ಮೊದಲೇ ಲಸಿಕೆಯ ಶಕ್ತಿ ಬರಬೇಕು. ಇದು ಒಂದು ಓಟದ ಪಂದ್ಯ.

1885ರ ಜೂನ್ ತಿಂಗಳಲ್ಲಿ ಹನ್ನೊಂದು ವರ್ಷದ ಬಾಲಿಕೆಯೊಬ್ಬಳಿಗೆ ಪಾಶ್ಚರ್ ಅವರು ಈ ಚಿಕಿತ್ಸೆಯನ್ನು ಆರಂಭಿಸಿದರು. ರೋಗದ ಲಕ್ಷಣಗಳು ಆಗಲೇ ತೋರಿದ್ದವು. ಮರುದಿನವೇ ಆಕೆ ತೀರಿಕೊಂಡಳು. ಈ ಸಂಗತಿಯನ್ನು ಅವರು ಪ್ರಕಟಿಸಲಿಲ್ಲ. ಬಹುಕಾಲದ ಮೇಲೆ ಅವರ ಪ್ರಯೋಗದ ಟಿಪ್ಪಣಿ ಪುಸ್ತಕಗಳನ್ನು ಪರಿಶೀಲಿಸಿದವರು ಇದನ್ನು ಬೆಳಕಿಗೆ ತಂದರು. ಮನುಷ್ಯರ ಮೇಲೆ ಪ್ರಯೋಗಿಸುವ ಮುನ್ನ ನಾಯಿಗಳ ಮೇಲೆ ಆ ನಿರ್ದಿಷ್ಟ ವಿಧಾನದ ಪರೀಕ್ಷೆ ಇನ್ನೂ ಮುಗಿದಿರಲಿಲ್ಲವೆಂಬುದೂ ಆ ಟಿಪ್ಪಣಿಗಳಿಂದ ತಿಳಿದಿದೆ. ಮಹಾಪುರುಷರ ಚರಿತ್ರೆಯನ್ನು ಬರೆಯುವಾಗ ಇಂತಹ ಮಾತುಗಳನ್ನು ಮುಚ್ಚಿಡುವುದು ಗೌರವವಲ್ಲವೆಂದು ನಮ್ಮ ಅಭಿಪ್ರಾಯ.

ಇನ್ನು ಜುಲೈ ತಿಂಗಳ ಮಾತು. ಅಲ್ಸಾಸ್ ಪ್ರಾಂತದ ಸ್ಟೈಜ್ ಎಂಬ ಹಳ್ಳಿಯಲ್ಲಿ ರೊಟ್ಟಿ ಸುಡುವವನೊಬ್ಬನ ಮಗ ಜೋಸೆಫ್ ಮೈಸ್ಟರ್, ಒಂಬತ್ತು ವರ್ಷದವನು, 4ನೆಯ ತಾರೀಖು ಶನಿವಾರ ಬೆಳಿಗ್ಗೆ ಒಬ್ಬನೇ ನಡೆದುಹೋಗುತ್ತಿದ್ದಾಗ ನಾಯಿಯೊಂದು ಮೇಲೆರಗಿತು. ಹುಡುಗನು ಮುಖವನ್ನು ಕೈಗಳಿಂದ ಮುಚ್ಚಿಕೊಂಡು ಬಿದ್ದನು. ಗಾರೆ ಕೆಲಸದವನೊಬ್ಬನು ಕಬ್ಬಿಣದ ಸಲಾಕೆಯಿಂದ ಹೊಡೆದು ನಾಯಿಯನ್ನು ಓಡಿಸುವಷ್ಟರಲ್ಲಿ ಕೈ, ತೊಡೆ, ಕಾಲುಗಳಲ್ಲಿ ಹದಿನಾಲ್ಕು ಗಾಯಗಳಾಗಿದ್ದವು. ನಾಯಿಯು ತನ್ನ ಒಡೆಯನನ್ನೂ ಕಚ್ಚಲು ಹೋಗಿ ಅವನಿಂದ ಹತವಾಯಿತು. ಅದರ ಹೊಟ್ಟೆಯನ್ನು ಸೀಳಿದಾಗ ಹುಲ್ಲು, ಒಣಕಡ್ಡಿ, ಮರದ ಚೂರುಗಳು ಸಿಕ್ಕಿದವು. ಹುಚ್ಚುನಾಯಿಯ ಗುರುತೆಂದು ಎಲ್ಲರೂ ತಿಳಿದಿದ್ದದ್ದು ಇದೇ.

ಅಂದು ಸಂಜೆ ವಿಲ್ಲೆ ಎಂಬ ಊರಿನ ವೈದ್ಯರಾದ ವೆಬರ್ ಅವರು ಗಾಯಗಳನ್ನು ಕಾರ್ಬಾಲಿಕ್ ಆಮ್ಲದಿಂದ ಸುಟ್ಟರು. ತಮ್ಮಿಂದ ಇಷ್ಟೇ ಸಾಧ್ಯ, ಪ್ಯಾರಿಸಿನಲ್ಲಿ ಪಾಶ್ಚರ್ ಎಂಬುವರಿದ್ದಾರೆ, ಅವರ ಬಳಿಗೆ ಕೂಡಲೇ ಹೋಗಬೇಕೆಂದು ಸೂಚಿಸಿದರು. ಈ ವೈದ್ಯರಿಗೆ ಚರಿತ್ರೆಯಲ್ಲಿ ದೊರೆತ ಸ್ಥಾನ ಬಹಳ ಚಿಕ್ಕದು. ನಮ್ಮ ದೃಷ್ಟಿಯಲ್ಲಿ ಅವರು ದೊಡ್ಡವರು. ತನ್ನ ಕೈಯಲ್ಲಾಗದು ಎಂದು ಒಪ್ಪಿ, ಆಗುವವರ ಕಡೆಗೆ ಬೆರಳು ತೋರಿಸುವ ವೈದ್ಯರು ಎಲ್ಲ ಕಾಲದಲ್ಲೂ ವಿರಳ.

ಆ ತಾಯಿಯ ಸ್ಥಿತಿಯನ್ನು ವಾಚಕರು ಊಹಿಸಿಕೊಳ್ಳಬೇಕು. ಪ್ಯಾರಿಸ್ ಅಲ್ಲಿಂದ ಸುಮಾರು 400 ಕಿಲೋಮೀಟರ್ ದೂರ. 1871ರಿಂದ ಅಲ್ಸಾಸ್ ಜರ್ಮನಿಗೆ ಸೇರಿದ್ದರಿಂದ ಅದು ಪರರಾಷ್ಟ್ರದ ರಾಜಧಾನಿಯೂ ಹೌದು. ಹೋಗಿ ಕಾಣಬೇಕಾದವರು ವೈದ್ಯರೂ ಅಲ್ಲ. ಅವರ ಔಷಧದಿಂದ ಬದುಕಿದವರೆಂದು ತೋರಿಸಲು ಒಬ್ಬನೂ ಇರಲಿಲ್ಲ. ಹುಡುಗನು ಗಾಯದ ನೋವಿನಿಂದ ನಡೆಯಲಾರದೆ ಇದ್ದನು. ಮನೆಯಲ್ಲಿಯೇ ಇರಿಸಿ ದೇವರ ಮೇಲೆ ಭಾರ ಹಾಕೋಣವೆಂದು ಹೇಳುವವರು ಆ ಹಳ್ಳಿಯಲ್ಲೂ ಇಲ್ಲದಿರಲಿಲ್ಲ ಎಂದು ನಾವು ಎಣಿಸುತ್ತೇವೆ. ಅಂತಹವರಿಲ್ಲದ ಹಳ್ಳಿಯನ್ನು ನಾವು ಕಂಡಿಲ್ಲ. ಆದರೂ ಆಕೆ ತಡಮಾಡಲಿಲ್ಲ. ಸೋಮವಾರ, ಜುಲೈ 6ರಂದು, ನಾಯಿಯ ಒಡೆಯನನ್ನೂ ಜೊತೆಗೆ ಕರೆದುಕೊಂಡು ಮಗನೊಡನೆ ಪಾಶ್ಚರರ ಪ್ರಯೋಗಾಲಯದ ಬಾಗಿಲಲ್ಲಿ ನಿಂತಳು.

ಪಾಶ್ಚರ್ ಅವರು ಗಾಯಗಳನ್ನು ನೋಡಿದರು. ಒಡೆಯನನ್ನು ಪರೀಕ್ಷಿಸಿ, ಹಲ್ಲು ಬಟ್ಟೆಯನ್ನು ದಾಟಿಲ್ಲವೆಂದು ಅವನನ್ನು ಊರಿಗೆ ಕಳುಹಿಸಿದರು. ಹುಡುಗನ ವಿಷಯದಲ್ಲಿ ಮಾತ್ರ ಅವರ ಮನಸ್ಸು ತೂಗಾಡಿತು. ಚುಚ್ಚಿದ ಮದ್ದಿನಿಂದಲೇ ಮಗು ಸತ್ತರೆ? ಚುಚ್ಚದೆ ಬಿಟ್ಟು ರೋಗದಿಂದ ಸತ್ತರೆ? ಅಂದು ವಿಜ್ಞಾನ ಪರಿಷತ್ತಿನ ವಾರದ ಸಭೆಯಲ್ಲಿ ವುಲ್ಪಿಯಾನ್ ಎಂಬ ಹಿರಿಯ ವೈದ್ಯರ ಸಲಹೆ ಕೇಳಿದರು. ಮಕ್ಕಳ ರೋಗಗಳ ತಜ್ಞರಾದ ಗ್ರಾಂಶೆ ಅವರನ್ನೂ ಕೇಳಿದರು. ಇಬ್ಬರೂ ಮಗುವನ್ನು ನೋಡಿ, ಹೀಗೆಯೇ ಬಿಟ್ಟರೆ ಉಳಿಯುವ ಭರವಸೆಯಿಲ್ಲ, ಚಿಕಿತ್ಸೆ ನಡೆಯಲಿ ಎಂದರು. ಪಾಶ್ಚರರಿಗೆ ವೈದ್ಯವೃತ್ತಿಯ ಅಧಿಕಾರ ಇರಲಿಲ್ಲವಾದ್ದರಿಂದ ಅಂದು ರಾತ್ರಿ 8 ಗಂಟೆಗೆ, ಕಚ್ಚಿ ಅರವತ್ತು ಗಂಟೆಗಳಾದಾಗ, ಮೊದಲ ಚುಚ್ಚುಮದ್ದನ್ನು ಕೊಟ್ಟವರು ಗ್ರಾಂಶೆ. ಜೂನ್ 21ರಂದು ಸತ್ತ ಮೊಲದ ಹದಿನೈದು ದಿನ ಒಣಗಿದ ಬೆನ್ನುಹುರಿ ಅದು.

ಹತ್ತು ದಿನಗಳಲ್ಲಿ ಹದಿಮೂರು ಚುಚ್ಚುಮದ್ದುಗಳಾದವು. ಹುಡುಗನು ಮೊದಲ ದಿನ ಅತ್ತನು. ಅಷ್ಟು ಚಿಕ್ಕ ಚುಚ್ಚೆಂದು ತಿಳಿದ ಮೇಲೆ ಮೊಲ, ಕೋಳಿ, ಇಲಿಗಳ ನಡುವೆ ಆಡಿಕೊಂಡು ಚೆನ್ನಾಗಿ ನಿದ್ರಿಸಿದನು. ನಿದ್ರೆಗೆಟ್ಟವರು ಪಾಶ್ಚರ್. ದಿನ ಕಳೆದಂತೆ ಮದ್ದಿನ ವಿಷ ಹೆಚ್ಚುತ್ತಿತ್ತು. ಜುಲೈ 16ರ ಕೊನೆಯ ಚುಚ್ಚಿನಲ್ಲಿದ್ದುದು ಒಂದೇ ದಿನ ಒಣಗಿದ, ಮೊಲವನ್ನು ಖಂಡಿತವಾಗಿ ಕೊಲ್ಲಬಲ್ಲ ವಿಷ. ತಾವು ಮಣ್ಣುಮಾಡಿದ ಮೂವರು ಹೆಣ್ಣುಮಕ್ಕಳ ನೆನಪು ಆ ರಾತ್ರಿಗಳಲ್ಲಿ ಅವರಿಗೆ ಬಾರದಿರಲು ಸಾಧ್ಯವೇ? ಜುಲೈ ಕೊನೆಯಲ್ಲಿ ಜೋಸೆಫ್ ಊರಿಗೆ ಮರಳಿದನು. ವಾರಗಳು ಕಳೆದವು, ತಿಂಗಳುಗಳು ಕಳೆದವು, ಹುಡುಗನಿಗೆ ಏನೂ ಆಗಲಿಲ್ಲ.

ಅಕ್ಟೋಬರಿನಲ್ಲಿ ಜೂರಾ ಸೀಮೆಯ ಹದಿನೈದು ವರ್ಷದ ಕುರುಬ ಬಾಲಕ ಜುಪೀ ಎಂಬುವನು, ತನ್ನೊಡನಿದ್ದ ಕಿರಿಯ ಹುಡುಗರನ್ನು ಕಾಪಾಡಲು ಹುಚ್ಚುನಾಯಿಯ ಬಾಯಿಯನ್ನು ಚಾಟಿಯ ದಾರದಿಂದ ಬಿಗಿದು, ಮರದ ಪಾದರಕ್ಷೆಯಿಂದ ಬಡಿದು ಕೊಂದನು. ಕೈತುಂಬ ಗಾಯಗಳಾಗಿ ಆರು ದಿನಗಳ ಮೇಲೆ ಪ್ಯಾರಿಸಿಗೆ ಬಂದ ಅವನೂ ಉಳಿದನು. ಅಕ್ಟೋಬರ್ 26ರಂದು ಪಾಶ್ಚರ್ ಅವರು ಪರಿಷತ್ತಿನ ಮುಂದೆ ತಮ್ಮ ಸಂಶೋಧನೆಯನ್ನು ಮಂಡಿಸಿದೊಡನೆ ದೇಶದೇಶಗಳಿಂದ ಜನ ಹರಿದು ಬಂದರು.

ಆ ಜನರ ನಡುವೆ ನವೆಂಬರ್ 9ರಂದು ಲೂಯೀಸ್ ಪೆಲ್ತಿಯೇ ಎಂಬ ಹತ್ತು ವರ್ಷದ ಹುಡುಗಿಯನ್ನು ತಂದೆತಾಯಿಗಳು ಕರೆತಂದರು. ನಾಯಿ ಕಚ್ಚಿದ್ದು ತಲೆಗೆ. ಕಚ್ಚಿ 37 ದಿನಗಳಾಗಿದ್ದವು. ಇಷ್ಟು ತಡವಾಗಿ ಬಂದ ಮಗುವನ್ನು ಉಳಿಸುವುದು ಅಸಾಧ್ಯವೆಂದು ಪಾಶ್ಚರರಿಗೆ ತಿಳಿದಿತ್ತು. ಈಕೆ ಸತ್ತರೆ ಹೊಸ ಚಿಕಿತ್ಸೆಯ ಹೆಸರು ಕೆಡುವುದೆಂದೂ, ಅದರಿಂದ ಹೆದರಿ ಬಾರದೆ ಉಳಿದವರು ಸಾಯುವರೆಂದೂ ತಿಳಿದಿತ್ತು. ವಿಜ್ಞಾನದ ಲೆಕ್ಕಾಚಾರದಿಂದ ನೋಡಿದರೆ ನಿರಾಕರಿಸಬೇಕಾಗಿತ್ತು. ಎದುರಿಗೆ ನಿಂತು ಬೇಡುತ್ತಿದ್ದ ತಂದೆತಾಯಿಗಳ ಮುಖ ನೋಡಿ ಅವರು ಒಪ್ಪಿಕೊಂಡರು. ನವೆಂಬರ್ ಕೊನೆಯಲ್ಲಿ ರೋಗ ತೋರಿತು. ಪಾಶ್ಚರ್ ಅವರು ಹುಡುಗಿಯ ಹಾಸಿಗೆಯ ಬಳಿ ಗಂಟೆಗಟ್ಟಲೆ ಕುಳಿತರು. ಆಕೆ ಅವರನ್ನು ಬಿಟ್ಟು ಹೋಗಬೇಡಿರೆಂದು ಬೇಡುತ್ತಿದ್ದಳು. ಡಿಸೆಂಬರ್ ಮೊದಲ ವಾರದಲ್ಲಿ ಆಕೆ ತೀರಿಕೊಂಡಾಗ ಅವರು ಕಣ್ಣೀರಿಡುತ್ತಾ ಮೆಟ್ಟಿಲಿಳಿದು ಹೋದರು. ಕಾಲಾನಂತರದಲ್ಲಿ ಆ ತಂದೆ, ತನ್ನ ಮಗಳಿಗಾಗಿ ಇಷ್ಟು ವರ್ಷಗಳ ಶ್ರಮವನ್ನೂ ಕೀರ್ತಿಯನ್ನೂ ಪಣಕ್ಕೊಡ್ಡಿದ ಪಾಶ್ಚರರನ್ನು ಕೃತಜ್ಞತೆಯಿಂದ ಸ್ಮರಿಸಿ ಪತ್ರ ಬರೆದನು.

ಮೈಸ್ಟರನ ತಾಯಿ ಎರಡು ದಿನಗಳಲ್ಲಿ ಬಂದಳು. ಈ ತಂದೆತಾಯಿಗಳು 37 ದಿನಗಳಲ್ಲಿ ಬಂದರು. ಬಂದ ಬಾಗಿಲು ಒಂದೇ. ಇವರನ್ನು ದೂಷಿಸುವ ಹಕ್ಕು ನಮಗಿಲ್ಲ. ಕಚ್ಚಿದ ದಿನ ಅಕ್ಟೋಬರ್ 3. ಅಂತಹ ಚಿಕಿತ್ಸೆಯೊಂದಿದೆಯೆಂದು ಜಗತ್ತಿಗೆ ತಿಳಿದದ್ದೇ ಆ ತಿಂಗಳ ಕೊನೆಯಲ್ಲಿ. ಇಂದಿನ ತಂದೆತಾಯಿಗಳಿಗೆ ಆ ಸಮಾಧಾನವಿಲ್ಲ.

1886ರ ಮಾರ್ಚ್ 1ರ ಹೊತ್ತಿಗೆ ಚಿಕಿತ್ಸೆ ಪಡೆದವರು 350 ಮಂದಿ. ಸತ್ತವಳು ಲೂಯೀಸ್ ಒಬ್ಬಳೆಂದು ಪಾಶ್ಚರ್ ಅವರು ವರದಿ ಮಾಡಿದರು. ಅಮೆರಿಕದ ನ್ಯೂಆರ್ಕ್ ಎಂಬ ಊರಿನಿಂದ, ಇದು ಪ್ರಸಿದ್ಧ ನ್ಯೂಯಾರ್ಕ್ ನಗರವಲ್ಲ, ಅದರ ನೆರೆಯ ನ್ಯೂಆರ್ಕ್, ನಾಲ್ವರು ಬಾಲಕರನ್ನು ಊರವರು ಚಂದಾ ಎತ್ತಿ ಹಡಗು ಹತ್ತಿಸಿದರು. ರಷ್ಯದ ಸ್ಮೊಲೆನ್ಸ್ಕ್ ಪ್ರಾಂತದಿಂದ ತೋಳ ಕಚ್ಚಿದ 19 ಮಂದಿ ಬಂದು 16 ಮಂದಿ ಬದುಕಿ ಮರಳಿದರು. ಜನರು ಕೊಟ್ಟ 20 ಲಕ್ಷ ಫ್ರಾಂಕಿಗೂ ಮಿಕ್ಕಿದ ಹಣದಿಂದ ಪ್ಯಾರಿಸಿನಲ್ಲಿ ಪಾಶ್ಚರ್ ಸಂಸ್ಥೆ ಕಟ್ಟಲ್ಪಟ್ಟು 1888ರ ನವೆಂಬರ್ 14ರಂದು ಉದ್ಘಾಟನೆಯಾಯಿತು. ಭಾವಾವೇಶದಿಂದ ಗಂಟಲು ಕಟ್ಟಿದ್ದರಿಂದ ಪಾಶ್ಚರರ ಭಾಷಣವನ್ನು ಮಗನು ಓದಿದನು.

ನಮ್ಮ ದೇಶದಲ್ಲಿ ಮೊದಲ ಪಾಶ್ಚರ್ ಸಂಸ್ಥೆ 1900ರಲ್ಲಿ ಹಿಮಾಲಯದ ತಪ್ಪಲಿನ ಕಸೌಲಿಯಲ್ಲಿ ಆರಂಭವಾಯಿತು. 1907ರಲ್ಲಿ ನಮಗೆ ಸಮೀಪವಾದ ನೀಲಗಿರಿಯ ಕೂನೂರಿನಲ್ಲಿ ಇನ್ನೊಂದು ತೆರೆಯಿತು. ಹೊಟ್ಟೆಗೆ ಹದಿನಾಲ್ಕು ಚುಚ್ಚುಮದ್ದು ಹಾಕಿಸಿಕೊಂಡ ಹಿರಿಯರು ನಮ್ಮ ನಡುವೆ ಇನ್ನೂ ಇದ್ದಾರೆ. ಕುರಿಯ ಮೆದುಳಿನಿಂದ ತಯಾರಿಸುತ್ತಿದ್ದ ಆ ಹಳೆಯ ಲಸಿಕೆಯನ್ನು 2005ರ ಹೊತ್ತಿಗೆ ಭಾರತದಲ್ಲಿ ಕೈಬಿಡಲಾಯಿತು. ಈಗಿನದು ತೋಳಿಗೆ ನಾಲ್ಕೈದು ಬಾರಿ ಹಾಕುವ ಸುರಕ್ಷಿತವಾದ ಲಸಿಕೆ. ಸರ್ಕಾರಿ ಆಸ್ಪತ್ರೆಗಳಲ್ಲಿ ಕೊಡುತ್ತಾರೆ. ಕಚ್ಚಿದೊಡನೆ ಗಾಯವನ್ನು ಸೋಪು ಹಚ್ಚಿ ಹರಿಯುವ ನೀರಿನಲ್ಲಿ ಹದಿನೈದು ನಿಮಿಷ ತೊಳೆದು, ಅಂದೇ ಆಸ್ಪತ್ರೆಗೆ ಹೋಗಬೇಕು. ಗಾಯ ಆಳವಾಗಿದ್ದರೆ ಲಸಿಕೆಯೊಡನೆ ಗಾಯದ ಸುತ್ತ ಬೇರೊಂದು ಮದ್ದನ್ನೂ ಚುಚ್ಚಬೇಕಾಗುತ್ತದೆ. ಅದನ್ನು ಕೇಳಿ ಹಾಕಿಸಿಕೊಳ್ಳಬೇಕು. ಇಷ್ಟು ಸೌಕರ್ಯವಿದ್ದರೂ ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಜಗತ್ತಿನಲ್ಲಿ ಪ್ರತಿವರ್ಷ ಸುಮಾರು 59,000 ಮಂದಿ ಈ ರೋಗದಿಂದ ಸಾಯುತ್ತಾರೆ. ಅವರಲ್ಲಿ ಮೂರನೆಯ ಒಂದಕ್ಕೂ ಹೆಚ್ಚು ಪಾಲು ನಮ್ಮ ಭಾರತದವರು. ಸಂಶಯದ ನಾಯಿ ಕಚ್ಚಿಸಿಕೊಂಡವರಲ್ಲಿ ನೂರಕ್ಕೆ ನಲವತ್ತರಷ್ಟು ಮಂದಿ ಹದಿನೈದು ವರ್ಷದೊಳಗಿನ ಮಕ್ಕಳು. ನಾಯಿಮರಿಯ ಗೀರೆಂದು ಬೈಸಿಕೊಳ್ಳುವ ಭಯದಿಂದ ಮಕ್ಕಳು ಮನೆಯಲ್ಲಿ ಹೇಳದಿರುವುದೂ ಉಂಟು. ತಾಯಂದಿರು ಇದನ್ನು ಗಮನದಲ್ಲಿಡಬೇಕು.

ಪಾಶ್ಚರರ ವಿಶ್ವಾಸದ ಬಗ್ಗೆ ಒಂದೆರಡು ಮಾತು. ರೈಲಿನಲ್ಲಿ ಜಪಸರ ಹಿಡಿದ ವೃದ್ಧ ಮತ್ತು ಅವರನ್ನು ಹಾಸ್ಯಮಾಡಿದ ವಿದ್ಯಾರ್ಥಿಯ ಕಥೆಯನ್ನು ನಮ್ಮ ಪ್ರಬೋಧನೆಗಳಲ್ಲಿ ಹಲವರು ಕೇಳಿರುತ್ತೀರಿ. ಆ ಕಥೆಗೆ ಆಧಾರವಿಲ್ಲದ್ದರಿಂದ ಇಲ್ಲಿ ಸೇರಿಸಿಲ್ಲ. ಅವರು ಕಥೋಲಿಕ ಕುಟುಂಬದಲ್ಲಿ ಹುಟ್ಟಿ ಬೆಳೆದರು. 1882ರಲ್ಲಿ ಫ್ರೆಂಚ್ ಅಕಾಡೆಮಿಯನ್ನು ಪ್ರವೇಶಿಸಿದ ದಿನ, ದೇವರನ್ನು ಬದಿಗಿರಿಸುವ ತತ್ತ್ವಜ್ಞಾನವನ್ನು ಒಪ್ಪದೆ ಅನಂತದ ಕಲ್ಪನೆಯನ್ನು ಎತ್ತಿ ಹಿಡಿದು ಮಾತನಾಡಿದರು. 1895ರ ಸೆಪ್ಟೆಂಬರ್ 28ರಂದು ಪ್ಯಾರಿಸಿನ ಹೊರವಲಯದಲ್ಲಿ, ಒಂದು ಕೈ ಪತ್ನಿಯ ಕೈಯಲ್ಲಿ, ಇನ್ನೊಂದು ಕೈಯಲ್ಲಿ ಶಿಲುಬೆಯನ್ನು ಹಿಡಿದು ಪ್ರಾಣ ಬಿಟ್ಟರೆಂದು ಅಳಿಯನು ಬರೆದಿದ್ದಾರೆ. ನೋತ್ರ್ ದಾಮ್ ಮಹಾದೇವಾಲಯದಲ್ಲಿ ಅಂತ್ಯಕ್ರಿಯೆಯ ಪೂಜೆ ನಡೆಯಿತು.

ಅವರ ದೇಹವನ್ನು 1896ರ ಜನವರಿಯಲ್ಲಿ ಪಾಶ್ಚರ್ ಸಂಸ್ಥೆಯ ನೆಲಮಾಳಿಗೆಯ ಸಮಾಧಿಯಲ್ಲಿ ಇರಿಸಲಾಯಿತು. ಅದರ ಗುಮ್ಮಟದ ಒಳಮೈಯಲ್ಲಿ ಬಣ್ಣದ ಹರಳುಗಳಿಂದ ನಾಲ್ವರು ದೇವದೂತರನ್ನು ಚಿತ್ರಿಸಿದ್ದಾರೆ. ವಿಶ್ವಾಸ, ಭರವಸೆ, ಪ್ರೀತಿ ಈ ಮೂವರ ಜೊತೆಗೆ ನಾಲ್ಕನೆಯವಳು ವಿಜ್ಞಾನ. ಜೋಸೆಫ್ ಮೈಸ್ಟರನು ದೊಡ್ಡವನಾದ ಮೇಲೆ ಅದೇ ಸಂಸ್ಥೆಯಲ್ಲಿ ದ್ವಾರಪಾಲಕನಾಗಿ ಕೆಲಸಕ್ಕೆ ಸೇರಿ, ಕಚ್ಚಿಸಿಕೊಂಡ ಮಕ್ಕಳನ್ನು ಕರೆತರುವವರಿಗೆ ಗೇಟು ತೆರೆಯುತ್ತಾ, 1940ರಲ್ಲಿ ತಾನು ತೀರಿಕೊಳ್ಳುವವರೆಗೂ ಅಲ್ಲಿಯೇ ಇದ್ದನು.